ಕಾಳಜಿ ಕೇಂದ್ರದ ಹಾಜರಿ ಪುಸ್ತಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜೊತೆಗೆ ಕೆಲಸ ಮಾಡಿದವರೆಲ್ಲ ಹೇಳುತ್ತಾರೆ. ಹೇಳಲಿ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಮೂವತ್ತಾರು ವರ್ಷ ಅಕ್ಕೋರಾಗಿದ್ದವಳಿಗೆ ಸಿಟ್ಟು ಇಲ್ಲದೆ ನಡೆಯುವುದಿಲ್ಲ. ಆದರೆ ಮಕ್ಕಳ ಮೇಲೆ ಕೈ ಮಾಡಿದವಳಲ್ಲ ನಾನು. ನನ್ನ ಸಿಟ್ಟೆಲ್ಲ ಖಾಲಿ ಬಿಟ್ಟ ಖಾನೆಗಳ ಮೇಲೆ. ದಾಖಲೆ ಪುಸ್ತಕದಲ್ಲಿ ತಂದೆಯ ಹೆಸರು ಬರೆದು ತಾಯಿಯ ಹೆಸರು ಬಿಟ್ಟಿದ್ದರೆ, ಹುಟ್ಟಿದ ತಾರೀಖು ಬರೆದು ಹುಟ್ಟಿದ ಊರು ಬಿಟ್ಟಿದ್ದರೆ ನನಗೆ ಮಧ್ಯಾಹ್ನದ ಅನ್ನ ಇಳಿಯುತ್ತಿರಲಿಲ್ಲ. ಈ ಗುಣಕ್ಕೆ ಇಲಾಖೆಯಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಆ ಒಳ್ಳೆಯ ಹೆಸರಿನಿಂದಲೇ ನಾಲ್ಕು ಜನರ ಬಾಳು ಹಾಳಾಯಿತು. ಅದನ್ನು ಬರೆಯಲು ಕೂತಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎಂಬ ಭ್ರಮೆ ಏನೂ ಇಲ್ಲ.

ನನ್ನ ಮನೆ ಕುಮಟೆಯಲ್ಲಿ. ಕೊನೆಯ ಹನ್ನೊಂದು ವರ್ಷ ಕೆಲಸ ಮಾಡಿದ್ದು ಹೊನ್ನಾವರದ ಹತ್ತಿರ, ಶರಾವತಿ ದಂಡೆಯ ಒಂದು ಸರ್ಕಾರಿ ಶಾಲೆಯಲ್ಲಿ, ಮುಖ್ಯಾಧ್ಯಾಪಕಿಯಾಗಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ ಎಂದು ರಿಕ್ಷಾಕ್ಕೆ ಮೈಕು ಕಟ್ಟಿ ಕೂಗಿಕೊಂಡು ಹೋದರೆಂದರೆ, ತಗ್ಗಿನ ಕೇರಿಗಳವರೆಲ್ಲ ಗಂಟು, ಕೋಳಿ, ಗ್ಯಾಸ್ ಸಿಲಿಂಡರು ಹೊತ್ತುಕೊಂಡು ನಮ್ಮ ಶಾಲೆಗೆ ಬರುತ್ತಿದ್ದರು. ಮೊದಲು ಅದಕ್ಕೆ ಗಂಜಿ ಕೇಂದ್ರ ಎನ್ನುತ್ತಿದ್ದರು. ಈಗ ಕಾಳಜಿ ಕೇಂದ್ರ ಎನ್ನಬೇಕು. ಹೆಸರು ಬದಲಾಯಿತು, ಮೂತ್ರಿಖಾನೆ ಎರಡೇ ಉಳಿಯಿತು.

ಸುಮ್ಮನೆ ಜಂಬ ಅಲ್ಲ, ತಾಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಕಾಳಜಿ ಕೇಂದ್ರ ನಡೆಸಿದವರು ಇಲ್ಲ. ಮೊದಲ ವರ್ಷ ಎಲ್ಲರನ್ನೂ ದೊಡ್ಡ ಹಾಲಿನಲ್ಲಿ ಸಾಲಾಗಿ ಮಲಗಿಸಿ ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಮರುದಿನ ನೋಡಿದರೆ ಹೆಂಗಸರೆಲ್ಲ ರಾತ್ರಿಯಿಡೀ ಕೂತೇ ಇದ್ದರು. ಗಂಡಸರ ನಡುವೆ ಕಾಲು ಚಾಚುವುದು ಹೇಗೆ? ಆಮೇಲೆ ಕಲಿತೆ. ಬೆಂಚುಗಳನ್ನು ನಿಲ್ಲಿಸಿ ಸೀರೆ ಕಟ್ಟಿ ಮನೆಗೊಂದು ಮರೆ ಮಾಡಿದೆ. ಮುದುಕರಿಗೆ ಇರಚಲು ಹೊಡೆಯದ ಕಡೆ ಜಾಗ ಕೊಟ್ಟೆ. ಬ್ರೆಡ್ಡು ಹಂಚುವ ಫೋಟೋ ತೆಗೆಸಿಕೊಳ್ಳಲು ಬಂದ ಮುಖಂಡರನ್ನು ಗೇಟಿನಲ್ಲೇ ನಿಲ್ಲಿಸಿ ಬಾಯಿಗೆ ಬಂದ ಹಾಗೆ ಅಂದಿದ್ದೂ ಉಂಟು. ಮನೆ ಕಳಕೊಂಡು ಬಂದವರು ನೆಂಟರಲ್ಲ, ಭಿಕ್ಷುಕರೂ ಅಲ್ಲ, ಬಂದವರಿಗೆ ಅವರವರ ಸಂಸಾರ ಅವರವರ ಕೈಯಲ್ಲಿ ಇರಬೇಕು ಎಂದು ನನಗೆ ನಾನೇ ನಿಯಮ ಮಾಡಿಕೊಂಡಿದ್ದೆ.

ಇದಕ್ಕೆಲ್ಲ ಮೂಲ ನನ್ನ ಹಾಜರಿ ಪುಸ್ತಕ. ಹೆಸರು, ವಯಸ್ಸು, ಸ್ವಂತ ಊರು, ಈಗಿನ ವಾಸ, ಸಂಬಂಧ, ಆಧಾರ್ ನಂಬರು, ಕೊನೆಗೆ ಷರಾ. ಪುಸ್ತಕದಲ್ಲಿ ಹೆಸರಿದ್ದರೆ ಅಕ್ಕಿ ಬರುತ್ತದೆ, ಹಾಸಿಗೆ ಬರುತ್ತದೆ. ಮನೆ ಬಿದ್ದವರ ಪಟ್ಟಿಗೆ ಹೋಗುವುದೂ ಅದೇ ಪುಸ್ತಕದಿಂದ. ಯಾರದೋ ಅಸಡ್ಡೆಯಿಂದ ಹೆಸರು ಬಿಟ್ಟುಹೋಗಿ ಶೀಟಿನ ಮನೆಯೂ ಸಿಗದೆ ಅಲೆದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಬಂದವರು ಮೈ ಒರೆಸಿಕೊಳ್ಳುವುದರೊಳಗೆ ನಾನು ಪೆನ್ನು ಹಿಡಿದು ಎದುರಿಗೆ ಕೂರುತ್ತಿದ್ದೆ.

ನಾನು ನಿವೃತ್ತಳಾಗುವ ಹಿಂದಿನ ಮಳೆಗಾಲದಲ್ಲಿ ಬಂದ ನೆರೆ ಒಂದು ಬೆಳಗಿನೊಳಗೆ ಏರಿತು. ಹತ್ತು ಗಂಟೆಗೆ ಶಾಲೆ ತುಂಬಿತು. ಎಲ್ಲರೂ ಒಳಗೆ ಹೋದ ಮೇಲೂ ಜಗುಲಿಯ ತುದಿಯಲ್ಲಿ ನಾಲ್ವರು ನಿಂತೇ ಇದ್ದರು. ಗಂಡ, ಹೆಂಡತಿ, ಗಂಡನ ಮುದಿ ತಾಯಿ, ಆರು ವರ್ಷದ ಒಂದು ಹುಡುಗಿ. ಅಳಿವೆಯ ಹತ್ತಿರ ಮೀನು ಒಣಗಿಸುವ ಬಯಲಿನ ಪಕ್ಕ, ತಗಡು ಮತ್ತು ಪ್ಲಾಸ್ಟಿಕ್ಕಿನ ಒಂದು ಶೆಡ್ಡಿನಲ್ಲಿ ಇದ್ದವರು. ಗಂಡ ಬಲೆ ಹೊಲಿಯುತ್ತಿದ್ದ, ಹೆಂಡತಿ ಮೀನು ಹರವುತ್ತಿದ್ದಳು. ಶೆಡ್ಡು ನೀರಿನ ಜೊತೆ ಹೋಗಿತ್ತು. ಒಳಗೆ ಬನ್ನಿ ಎಂದರೆ ತಲೆ ತಗ್ಗಿಸಿದರು. ಮುದುಕಿಯ ಕೈಯಿಂದ ಗಂಟು ಕಿತ್ತುಕೊಂಡು ನಾನೇ ಒಳಗೆ ಇಟ್ಟೆ. ಆಮೇಲೆ ಬಂದರು.

ಮೂರನೇ ತರಗತಿಯ ಕೋಣೆಯಲ್ಲಿ ಅವರಿಗೆ ಒಂದು ಮೂಲೆ ತೋರಿಸಿದೆ. ಹೆಂಡತಿ ಕೂರಲಿಲ್ಲ. ಬಾಗಿಲ ಹತ್ತಿರ ಹೋಗಿ ಚಿಲಕ ಮುಟ್ಟಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಹಿಂದಿಯಲ್ಲಿ, ಬಹಳ ಸಣ್ಣ ದನಿಯಲ್ಲಿ, ಇದನ್ನು ಒಳಗಿನಿಂದ ಹಾಕಿಕೊಳ್ಳಬಹುದೇ ಎಂದು ಕೇಳಿದಳು. ಆ ಕೋಣೆಯಲ್ಲಿ ಬೇರೆ ಏಳು ಸಂಸಾರ ಇತ್ತು. ಎಂತ ಸೊಕ್ಕು ಇವಳದ್ದು ಎಂದು ಒಂದು ಕ್ಷಣ ನನಗೆ ಅನ್ನಿಸಿದ್ದು ಖರೆ. ಬಯ್ಯಲು ಬಾಯಿ ತೆಗೆದವಳು ಅವಳ ಮುಖ ನೋಡಿ ಸುಮ್ಮನಾದೆ. ಆಫೀಸು ಕೋಣೆಯ ಪಕ್ಕದಲ್ಲಿ ನಕಾಶೆ, ಕವಾಯತಿನ ಡಂಬೆಲ್ಸು, ಲೇಜಿಮು ಇಡುವ ಒಂದು ಸಣ್ಣ ಕೋಣೆ ಇತ್ತು. ಅದನ್ನು ಖಾಲಿ ಮಾಡಿಸಿ ಅವರಿಗೆ ಕೊಟ್ಟೆ. ಲೇಜಿಮಿನ ಪೆಟ್ಟಿಗೆ ಮಾತ್ರ ಅಲ್ಲೇ ಉಳಿಯಿತು.

ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹಗಲು ಹನ್ನೊಂದು ಗಂಟೆ. ಹತ್ತು ನಿಮಿಷ ಒಳಗೆ ಮಾತಿಲ್ಲ, ಕತೆಯಿಲ್ಲ. ಆಮೇಲೆ ಬಾಗಿಲು ತೆಗೆದಳು. ಅತ್ತ ಗುರುತು ಇತ್ತು, ಆದರೂ ಮುಖ ಹಗುರಾಗಿತ್ತು. ಬಾಗಿಲು ಇರುವ ಮನೆಯಲ್ಲಿ ಮಲಗಿ ಎಷ್ಟೋ ವರ್ಷ ಆಗಿತ್ತು ಎಂದು ಆಮೇಲೆ ಗೊತ್ತಾಯಿತು. ಅವರ ದೇಶದಲ್ಲಿ ಊರಿಗೆ ಬೆಂಕಿ ಇಟ್ಟಿದ್ದರು. ಗಡಿ ದಾಟಿದ ಮೇಲೆ ಬಿದಿರು ತಟ್ಟಿಯ ಡೇರೆ. ಅಲ್ಲಿಂದ ದಿಲ್ಲಿ ಕಡೆಯ ಒಂದು ಕೊಳೆಗೇರಿ, ಅಲ್ಲಿಯೂ ಬೆಂಕಿ. ಅಲ್ಲಿಂದ ನಮ್ಮ ಅಳಿವೆ, ಗೋಣಿಚೀಲದ ಪರದೆ. ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ, ನಾಲ್ವರೂ ಒಟ್ಟಿಗೆ. ಆ ಹೆಂಗಸಿಗೆ ಬೇಕಾಗಿದ್ದು ಅಷ್ಟೇ. ಅದಕ್ಕಿಂತ ಒಂದು ಕಡ್ಡಿ ಹೆಚ್ಚಿಗೆ ಅವಳು ಯಾವತ್ತೂ ಕೇಳಲಿಲ್ಲ.

ಕೇಂದ್ರದ ಮಕ್ಕಳು ಕಿಟಕಿಯಲ್ಲಿ ಇಣುಕುವುದು, ಬಾಗಿಲು ಬಡಿದು ಓಡುವುದು ಶುರುವಾಯಿತು. ಬಡಿದಾಗೆಲ್ಲ ಮುದುಕಿ ಬೆಚ್ಚಿ ಬೀಳುತ್ತಿದ್ದಳು. ನಾನು ಮಕ್ಕಳನ್ನು ಗದರಿಸಿ ಓಡಿಸಿ, ಆ ಹೆಂಗಸಿಗೆ ಹೇಳಿದೆ: ಯಾರು ಬಡಿದರೂ ತೆಗೆಯಬೇಡ, ನನ್ನ ದನಿ ಕೇಳಿದರೆ ಮಾತ್ರ ತೆಗಿ. ಅವಳು ತಲೆಯಾಡಿಸಿದಳು. ಮಾತು ತಪ್ಪದೆ ಹಾಗೇ ನಡೆದುಕೊಂಡಳು.

ಮಧ್ಯಾಹ್ನ ಪುಸ್ತಕ ಹಿಡಿದು ಅವರ ಎದುರು ಕೂತೆ. ಗಂಡ ಹೆಸರುಗಳನ್ನು ಹೇಳಿದ, ವಯಸ್ಸು ಹೇಳಿದ. ಸ್ವಂತ ಊರು ಎಂದಾಗ ಬಂಗಾಳ ಎಂದ. ಬಂಗಾಳದಲ್ಲಿ ಯಾವ ಜಿಲ್ಲೆ ಎಂದೆ. ಹೆಂಡತಿಯ ಮುಖ ನೋಡಿದ. ಮೂವತ್ತಾರು ವರ್ಷ ಮಕ್ಕಳ ಮುಖ ನೋಡಿದವಳು ನಾನು, ಸುಳ್ಳು ಹೇಳುವಾಗ ಕಣ್ಣು ಎಲ್ಲಿ ಹೋಗುತ್ತದೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಸಿಟ್ಟು ಬಂತು. ನಿಮಗಾಗಿ ಇಷ್ಟು ಒದ್ದಾಡುತ್ತೇನೆ, ನನಗೇ ಸುಳ್ಳು ಹೇಳುತ್ತೀಯಾ ಎಂದು ಜೋರು ಮಾಡಿದೆ. ಇದು ಸರ್ಕಾರದ ಪುಸ್ತಕ, ಇದರಲ್ಲಿ ಸರಿಯಾಗಿ ಬರೆದರೆ ನಿಮ್ಮ ಶೆಡ್ಡು ಹೋದದ್ದು ಲೆಕ್ಕಕ್ಕೆ ಬರುತ್ತದೆ, ನಾಳೆ ನಾಲ್ಕು ಗೋಡೆ, ಒಂದು ಬಾಗಿಲು ಸಿಗಬಹುದು, ತಪ್ಪು ಬರೆದರೆ ಯಾವುದೂ ಇಲ್ಲ ಎಂದೆ. ಬಾಗಿಲು ಎಂಬ ಮಾತಿಗೆ ಹೆಂಡತಿ ತಲೆ ಎತ್ತಿದಳು. ಗಂಡನಿಗೆ ಅವರ ಭಾಷೆಯಲ್ಲಿ ಏನೋ ಹೇಳಿದಳು. ಅವನು ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ಚೀಲ ತೆಗೆದು, ಒಂದು ಕಾರ್ಡು ಕೊಟ್ಟ. ದಿಲ್ಲಿಯ ಯಾವುದೋ ಕಚೇರಿ ಕೊಟ್ಟ ಕಾರ್ಡು. ಈತ ಆಶ್ರಯ ಕೇಳಿ ಬಂದವನು ಎಂದು ಅದರಲ್ಲಿ ಬರೆದಿತ್ತು. ದೇಶ: ಬರ್ಮಾ. ಅವಧಿ ಮುಗಿದು ಒಂದು ವರ್ಷವಾಗಿತ್ತು.

ನಮ್ಮ ಬಿಸಿಯೂಟದ ಅಡುಗೆಯವಳು ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಮೀನುಗಾರರ ಕೇರಿಯವಳು. ಶಾಲೆ ಮೆಟ್ಟಿಲು ಹತ್ತಿದ್ದು ನಾಲ್ಕನೇ ತರಗತಿಯವರೆಗೆ. ಅವಳು ಮೊರ ಕೆಳಗಿಟ್ಟಳು.

"ಅಕ್ಕೋರೇ, ಆ ಊರಿನ ಖಾನೆ ಹಾಂಗೇ ಬಿಡಿ. ಎಂತಕೆ ಬೇಕು ಅದು? ನಮ್ಮ ಬೋಟಿಗೆ ಬಂದವ್ರ ಹತ್ರ ನಾವು ಊರು ಕೇಳುದಿಲ್ಲ. ಬಲೆ ಎಳಿಯುಕೆ ಬರ್ತದ್ಯಾ ಅಂತ ಕೇಳುದು, ಅಷ್ಟೇ."

ನಾನು ಅವಳಿಗೆ ಏನು ಹೇಳಿದೆ ಎಂದು ನೆನೆದರೆ ಈಗ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಇದು ಬೋಟಲ್ಲ, ಶಾಲೆ, ನಿನಗೆ ಅನ್ನ ಬೇಯಿಸುವುದು ಗೊತ್ತಿದ್ದರೆ ಸಾಕು ಎಂದೆ. ಅವಳು ಮೊರ ತೆಗೆದುಕೊಂಡು ಹಿಂದಿನ ಜಗುಲಿಗೆ ಹೋದಳು. ನಾನು ನಾಲ್ಕು ಸಾಲಿನಲ್ಲೂ ದುಂಡಾದ ಅಕ್ಷರದಲ್ಲಿ ಬರ್ಮಾ ಎಂದು ಬರೆದೆ. ಆಧಾರ್ ಖಾನೆಯಲ್ಲಿ ಆ ಕಾರ್ಡಿನ ನಂಬರು ಬರೆದೆ. ಬರೆದ ಮೇಲೆ ಅವರಿಗೇ ತೋರಿಸಿ, ನೋಡಿ, ಯಾವುದನ್ನೂ ಖಾಲಿ ಬಿಟ್ಟಿಲ್ಲ ಎಂದೆ.

ಐದನೇ ದಿನಕ್ಕೆ ನೀರು ಇಳಿಯಿತು. ಉಳಿದವರೆಲ್ಲ ಕೆಸರು ಬಳಿಯಲು ಮನೆಗಳಿಗೆ ಹೋದರು. ಇವರು ಹೋಗುವುದೆಲ್ಲಿಗೆ? ಶೆಡ್ಡಿದ್ದ ಜಾಗದಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ. ಮುಂದಿನ ಸೋಮವಾರ ಶಾಲೆ ಶುರುವಾಗಬೇಕಿತ್ತು. ಅಷ್ಟರೊಳಗೆ ಇವರಿಗೊಂದು ಕೋಣೆ ಹುಡುಕಿಕೊಡುತ್ತೇನೆ ಎಂದು ಹಠ ಹಿಡಿದೆ.

ಹೊನ್ನಾವರದಲ್ಲಿ ಬಾಡಿಗೆ ಚಾಳುಗಳ ಮಾಲೀಕರು ನನ್ನನ್ನು ಕುರ್ಚಿ ಹಾಕಿ ಕೂರಿಸಿ ಚಾ ಕೊಟ್ಟು, ಜನ ಯಾರು ಎಂದು ಕೇಳಿದ ಮೇಲೆ ಕೋಣೆ ಖಾಲಿ ಇಲ್ಲ ಎಂದರು. ಬಾಗಿಲಿಗೆ ಕಟ್ಟಿದ ‘ಬಾಡಿಗೆಗೆ ಇದೆ’ ಬೋರ್ಡು ನನ್ನ ಎದುರಿಗೇ ಇತ್ತು. ಮಂಕಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತೆಂಗಿನ ತೋಟದಲ್ಲಿ ಕೆಲಸದವರ ಮನೆ ಖಾಲಿ ಬಿದ್ದಿತ್ತು. ಆತು ಅಕ್ಕೋರೇ, ಕಳಿಸಿ ಎಂದವನು ಸಂಜೆ ಫೋನ್ ಮಾಡಿ ಮನೆಯವರು ಒಪ್ಪುವುದಿಲ್ಲ ಎಂದ. ಆ ಮನೆಯ ಹಂಚಿನ ಮಾಡು ಗಟ್ಟಿ, ಬಾವಿ ಹತ್ತಿರ, ಗಂಡನಿಗೆ ತೋಟದಲ್ಲೇ ಕೆಲಸ ಆಗುತ್ತಿತ್ತು. ನಾನು ಮನಸ್ಸಿನಲ್ಲೇ ಅವರನ್ನು ಅಲ್ಲಿ ಕೂರಿಸಿ, ಹುಡುಗಿಯನ್ನು ಅಲ್ಲಿನ ಶಾಲೆಗೂ ಸೇರಿಸಿ ಆಗಿತ್ತು. ಫೋನ್ ಇಟ್ಟ ಮೇಲೆ ಅವನಿಗೆ ಎಷ್ಟು ಬೈದೆನೋ, ಗೋಡೆಗೇ ಗೊತ್ತು.

ಕೊನೆಗೆ ಭಟ್ಕಳಕ್ಕೆ ಹೋದೆ. ಅಲ್ಲಿ ನನ್ನ ಗೆಳತಿಯೊಬ್ಬರಿದ್ದಾರೆ. ಅಲ್ಲಿನ ನವಾಯತ ಮುಸ್ಲಿಂ ಮನೆತನದವರು, ಉರ್ದು ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಇಲಾಖೆಯ ತರಬೇತಿಗಳಲ್ಲಿ ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವರ ಹಿತ್ತಿಲ ಮನೆ ಖಾಲಿ ಇದ್ದದ್ದು ನನಗೆ ಗೊತ್ತಿತ್ತು. ಅವರು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡರು, ಮುದುಕಿಗೆ ಎಂದು ಎರಡು ಶಾಲು ತಂದು ನನ್ನ ಚೀಲದಲ್ಲಿಟ್ಟರು. ಆಮೇಲೆ ಹೇಳಿದರು.

"ನೀವು ಇಟ್ಕೊಂಡ್ರೆ ಪುಣ್ಯದ ಕೆಲಸ ಅಂತಾರೆ. ನಾವು ಇಟ್ಕೊಂಡ್ರೆ ಕೇಸು. ನನಗೆ ಮನಸ್ಸಿಲ್ಲ ಅಂತಲ್ಲ, ನನ್ನ ಮಕ್ಕಳು ಈ ಊರಲ್ಲೇ ಬದುಕ್ಬೇಕು."

ಚೀಲದ ಬಾಯಿ ಕಟ್ಟುತ್ತ ಅವರು, ನಿಮ್ಮ ಕುಮಟೆ ಮನೆಯ ಮಹಡಿ ಖಾಲಿ ಇದೆಯಲ್ಲ ಎಂದರು. ಹೌದು, ಖಾಲಿ ಇತ್ತು. ಯಜಮಾನರು ಬದುಕಿದ್ದಾಗ ಬಾಡಿಗೆಗೆಂದು ಕಟ್ಟಿಸಿದ್ದು. ಎರಡು ಕೋಣೆ, ಅಡುಗೆಮನೆ, ಹೊರಗಿನಿಂದ ಬೇರೆ ಮೆಟ್ಟಿಲು. ಕಾಲೇಜಿನ ಲೆಕ್ಚರರೊಬ್ಬರು ವರ್ಗವಾಗಿ ಹೋದ ಮೇಲೆ ಬೀಗ ಹಾಕಿಟ್ಟಿದ್ದೆ. ಹೊನ್ನಾವರ, ಮಂಕಿ, ಭಟ್ಕಳ ಸುತ್ತುವಾಗ ಆ ಮಹಡಿ ನನ್ನ ತಲೆಗೆ ಬಂದೇ ಇರಲಿಲ್ಲ ಎಂದರೆ ಅದು ಸುಳ್ಳು. ಬಂದಿತ್ತು. ಬಂದಾಗೆಲ್ಲ ಬೇರೆ ಏನಾದರೂ ನೆನಪು ಮಾಡಿಕೊಳ್ಳುತ್ತಿದ್ದೆ. ಅವರ ಅಡುಗೆಮನೆ ನನ್ನ ದೇವರ ಕೋಣೆಯ ನೇರ ಮೇಲೆ ಬರುತ್ತಿತ್ತು. ಒಣಮೀನಿನ ವಾಸನೆಗೆ ಅಕ್ಕಪಕ್ಕದ ಮನೆಯವರು ಏನೆನ್ನುತ್ತಾರೆ? ನಾಳೆ ಯಾರಾದರೂ ಬಂದು ನನ್ನ ಗೇಟಿನ ಎದುರು ಘೋಷಣೆ ಕೂಗಿದರೆ? ಎಲ್ಲ ಚಾಳಿನ ಮಾಲೀಕರೂ ಕೇಳಿಕೊಂಡಿದ್ದು ಇದನ್ನೇ. ಅವರನ್ನು ಬೈದ ಬಾಯಲ್ಲೇ ನಾನು ಗೆಳತಿಗೆ ಹೇಳಿದೆ.

"ಮಹಡಿ ಸೋರ್ತದೆ. ಮಳೆಗಾಲ ಮುಗಿದ ಮೇಲೆ ರಿಪೇರಿ ಮಾಡಿಸ್ಬೇಕು."

ಅವರೂ ಟೀಚರೇ ಅಲ್ಲವೇ. ನನ್ನ ಕಣ್ಣು ಎಲ್ಲಿ ಹೋಯಿತು ಎಂದು ನೋಡಿದರು. ಬಸ್ ಸ್ಟ್ಯಾಂಡಿನವರೆಗೆ ಬಂದು ಬೀಳ್ಕೊಟ್ಟರು.

ಶನಿವಾರ ಕಂದಾಯ ಇಲಾಖೆಯ ಗ್ರಾಮ ಲೆಕ್ಕಿಗರು ಬಂದು ಹಾಜರಿ ಪುಸ್ತಕ ಒಯ್ದರು. ಪುಟ ತಿರುವಿ, ಅಕ್ಕೋರೇ, ನಿಮ್ಮದೊಂದೇ ನೋಡಿ ಯಾವ ಖಾನೆಯೂ ಖಾಲಿ ಇಲ್ಲದ್ದು ಎಂದು ಹೊಗಳಿದರು. ಆ ನಾಲ್ಕು ಸಾಲಿನ ಹತ್ತಿರ ಅವರ ಬೆರಳು ನಿಂತಿತು. ಇದು ಎಂತ ಎಂದರು. ಶೆಡ್ಡು ಹೋದವರ ಪಟ್ಟಿಗೆ ಇವರನ್ನು ಮರೆಯದೆ ಸೇರಿಸಿ ಎಂದೆ. ಅವರು ನನ್ನ ಮುಖವನ್ನೇ ನೋಡಿ, ಪುಸ್ತಕ ಮುಚ್ಚಿ, ಆತು ಎಂದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಬರೆದದ್ದನ್ನು ಮೇಲಕ್ಕೆ ಕಳಿಸುವುದು ಅವರ ಕೆಲಸ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದಿತ್ತು. ಎರಡು ಪೊಲೀಸ್ ಜೀಪು ಬಂದವು. ಬಂದವರು ಒರಟರೇನೂ ಆಗಿರಲಿಲ್ಲ. ಬೂಟು ಬಿಚ್ಚಿ ಆಫೀಸಿನ ಒಳಗೆ ಬಂದರು. ಜಗುಲಿಯಲ್ಲಿ ಕೂತು ಶಾಲೆಯ ಹರಿದ ವಾಲಿಬಾಲ್ ನೆಟ್ಟು ಹೊಲಿಯುತ್ತಿದ್ದ ಗಂಡನನ್ನು ಕರೆದು ಹೆಸರು ಕೇಳಿದರು. ಅವನು ಎದ್ದು ನಿಂತ. ತನ್ನ ಭಾಷೆಯಲ್ಲಿ ಒಂದೇ ಒಂದು ಮಾತು ಕೂಗಿದ. ಪಕ್ಕದ ಕೋಣೆಯಲ್ಲಿ ಹುಡುಗಿ ಲೇಜಿಮು ಆಡಿಸುತ್ತಿದ್ದ ಝಣಝಣ ಅಲ್ಲಿಗೇ ನಿಂತಿತು. ಒಳಗಿನಿಂದ ಚಿಲಕ ಬಿತ್ತು.

ಮಹಿಳಾ ಪೇದೆ ಬಡಿದಳು. ಮತ್ತೆ ಬಡಿದಳು. ಮಕ್ಕಳೆಲ್ಲ ತರಗತಿಗಳಿಂದ ಹೊರಗೆ ಬಂದು ನೋಡುತ್ತಿದ್ದರು. ಬಾಗಿಲು ಒಡೆಯುವುದು ಬೇಡ, ಶಾಲೆ ಇದು ಎಂದು ಅವರ ಹಿರಿಯ ಅಧಿಕಾರಿ ಹೇಳಿ, ನನ್ನ ಕಡೆ ತಿರುಗಿದರು.

"ಅಕ್ಕೋರೇ, ನೀವೇ ಕರೀರಿ. ನಿಮ್ಮ ಮಾತಾದ್ರೆ ಕೇಳ್ತಾರೆ. ಬರೀ ವಿಚಾರಣೆ."

ವಿಚಾರಣೆ ಎಂಬ ಮಾತನ್ನು ನಂಬಿದೆನೇ? ನಂಬಬೇಕೆಂದು ನಂಬಿದೆ. ಪುಸ್ತಕ ಸರಿ ಇದೆ, ಕಾರ್ಡು ಇದೆ, ಯಾವುದನ್ನೂ ಮುಚ್ಚಿಟ್ಟಿಲ್ಲ, ಹೆದರುವುದೆಂತಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅಡುಗೆಯವಳು ಒಲೆ ಬಿಟ್ಟು ಬಂದು ಕಂಬ ಹಿಡಿದು ನಿಂತಿದ್ದಳು. ಬೇಡ ಎಂದು ಸಣ್ಣಗೆ ತಲೆ ಅಲ್ಲಾಡಿಸಿದಳು. ನೋಡಿಯೂ ನೋಡದವಳ ಹಾಗೆ ನಾನು ಬಾಗಿಲ ಹತ್ತಿರ ಹೋದೆ. ನಾನೇ ಮಗಾ, ಬಾಗಿಲು ತೆಗಿ ಎಂದೆ, ನನ್ನ ಹರುಕು ಹಿಂದಿಯಲ್ಲಿ.

ಚಿಲಕ ಸರಿಯಿತು. ಬಾಗಿಲು ತೆಗೆದವಳು ನನ್ನ ಮುಖ ನೋಡಿದಳು, ಆಮೇಲೆ ನನ್ನ ಹಿಂದೆ ನಿಂತವರನ್ನು ನೋಡಿದಳು. ಅತ್ತಿದ್ದರೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಹುಡುಗಿಯ ಕೈಯಿಂದ ಲೇಜಿಮು ಬಿಡಿಸಿ ಪೆಟ್ಟಿಗೆಯಲ್ಲಿ ಇಟ್ಟಳು. ಶಾಲೆಯ ಸಾಮಾನು ಶಾಲೆಯಲ್ಲೇ ಇರಲಿ ಎನ್ನುವ ಹಾಗೆ. ಮುದುಕಿಯನ್ನು ಎಬ್ಬಿಸಿ ಶಾಲು ಹೊದಿಸಿದಳು. ಗಂಡನನ್ನು ಒಂದು ಜೀಪಿನಲ್ಲೂ ಹೆಂಗಸರನ್ನು ಇನ್ನೊಂದರಲ್ಲೂ ಕೂರಿಸಿದರು. ಅಲ್ಲಿಗೆ ನಾಲ್ವರೂ ಒಟ್ಟಿಗೆ ಎಂಬುದು ಮುಗಿಯಿತು.

ಅಡುಗೆಯವಳು ಆ ದಿನ ಮಕ್ಕಳಿಗೆ ಬಡಿಸಿದಳು. ನನ್ನ ತಟ್ಟೆ ಮೇಜಿನ ಮೇಲೆ ಇಟ್ಟು ಹೋದಳು. ಆಮೇಲೆ ನಾನು ಅಲ್ಲಿದ್ದಷ್ಟು ದಿನವೂ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನಾಗಿ ಮಾತಾಡುತ್ತಿರಲಿಲ್ಲ.

ಕುಮಟೆಯಲ್ಲಿ ಪರಿಚಯದ ವಕೀಲರೊಬ್ಬರ ಹತ್ತಿರ ಓಡಿದೆ. ಅವರು ಕಾಗದಪತ್ರ ತರಿಸಿ ಓದಿ ಕನ್ನಡಕ ತೆಗೆದಿಟ್ಟರು. ಇವರು ಹೊರದೇಶದವರು ಎನ್ನುವುದಕ್ಕೆ ಬೇರೆ ಸಾಕ್ಷಿಯೇ ಬೇಡ, ನಿಮ್ಮ ಅಕ್ಷರದಲ್ಲೇ ಎಲ್ಲ ಇದೆ, ಕಾರ್ಡಿನ ಅವಧಿ ಮುಗಿದದ್ದೂ ನೀವೇ ಬರೆದಿದ್ದೀರಿ ಎಂದರು. ಷರಾ ಎಂಬ ಕೊನೆಯ ಖಾನೆಯಲ್ಲಿ ಅದನ್ನೂ ತುಂಬಿಸಿದ್ದೆ ನಾನು. ನಾಲ್ವರನ್ನೂ ಘಟ್ಟದ ಮೇಲೆ, ದೂರದ ಊರಿನಲ್ಲಿ ಹೊರದೇಶದವರನ್ನು ಕೂಡಿಹಾಕುವ ಒಂದು ಕೇಂದ್ರದಲ್ಲಿ ಇಟ್ಟಿದ್ದಾರೆ, ಅವರ ದೇಶ ವಾಪಸು ತೆಗೆದುಕೊಳ್ಳುವವರೆಗೆ ಅಲ್ಲೇ ಎಂದು ತಿಳಿಯಿತು. ಊರಿಗೆ ಬೆಂಕಿ ಇಟ್ಟವರು ವಾಪಸು ಕರೆಯುವುದು ಯಾವ ಕಾಲಕ್ಕೆ?

ಮುಂದಿನ ಬೇಸಗೆಯಲ್ಲಿ, ನನ್ನ ನಿವೃತ್ತಿಗೆ ಎರಡು ವಾರ ಇರುವಾಗ, ಮಳೆಗಾಲದ ತಯಾರಿಗೆ ಸಭೆ ಕರೆದರು. ಸುತ್ತಲಿನ ಶಾಲೆಗಳವರೆಲ್ಲ ಬಂದಿದ್ದರು. ಗೋಡೆಯ ಮೇಲೆ ದೊಡ್ಡದಾಗಿ ನನ್ನ ಪುಸ್ತಕದ ಒಂದು ಪುಟ ತೋರಿಸಿ, ಮಾದರಿ ಹಾಜರಿ ಎಂದರೆ ಇದು ಎಂದರು. ಅದೃಷ್ಟಕ್ಕೆ ಬೇರೆ ಪುಟ. ಎರಡು ಮಾತಾಡಿ ಎಂದು ನನ್ನನ್ನು ಎಬ್ಬಿಸಿದರು. ನಾನು ಹೇಳಬೇಕೆಂದಿದ್ದು ತುಂಬ ಇತ್ತು. ನಿರಾಶ್ರಿತರು ನೆರೆಯಿಂದ ಬರಲಿ, ಬೆಂಕಿಯಿಂದ ಬರಲಿ, ಊರು ಎನ್ನಿಸಿಕೊಂಡದ್ದು ಮೊದಲು ಅವರಿಗೆ ಒಂದು ಬಾಗಿಲು ಕೊಡಬೇಕು, ಒಂದು ಒಲೆ ಕೊಡಬೇಕು, ಸಂಸಾರವನ್ನು ಒಡೆಯಬಾರದು, ಎಲ್ಲಿಂದ ಬಂದೆ ಎಂದು ಕೇಳುವುದಿದ್ದರೆ ಅವರ ಭಯ ಹೋದ ಮೇಲೆ ಕೇಳಬೇಕು, ಕೇಳಿದ್ದನ್ನೆಲ್ಲ ಬರೆಯಬಾರದು. ಮಹಡಿಗೆ ಬೀಗ ಹಾಕಿಟ್ಟುಕೊಂಡವಳು ಇದನ್ನು ಯಾವ ಮುಖ ಹೊತ್ತು ಹೇಳಲಿ? ಕೋಣೆಗಳಿಗೆ ಒಳಗಿನಿಂದ ಚಿಲಕ ಇರಲಿ ಎಂದಷ್ಟೇ ಹೇಳಿ ಕೂತೆ. ಮಹಿಳೆಯರ ಸುರಕ್ಷತೆಗೆ ಒಳ್ಳೆಯ ಸಲಹೆ ಎಂದು ಯಾರೋ ಬರೆದುಕೊಂಡರು.

ನಿವೃತ್ತಳಾದ ಮೇಲೆ ಆ ಕೇಂದ್ರಕ್ಕೆ ಹೋದೆ. ಎರಡು ಬಸ್ಸು ಬದಲಿಸಿ, ಒಂದು ಚೀಲದಲ್ಲಿ ತೆಂಗಿನೆಣ್ಣೆ, ಎರಡು ನೈಟಿ, ಹುಡುಗಿಗೆ ಫ್ರಾಕು ಮತ್ತು ಕನ್ನಡ ಅಕ್ಷರಮಾಲೆ ಪುಸ್ತಕ ತೆಗೆದುಕೊಂಡು. ಗೇಟಿನ ಕಾವಲುಗಾರ ಒಂದು ಫಾರ್ಮು ಕೊಟ್ಟ. ಹೆಸರು ಬರೆದೆ, ವಿಳಾಸ ಬರೆದೆ, ಫೋನ್ ನಂಬರು ಬರೆದೆ. ಒಳಗಿರುವವರಿಗೂ ನಿಮಗೂ ಏನು ಸಂಬಂಧ ಎಂಬ ಖಾನೆಯ ಹತ್ತಿರ ಪೆನ್ನು ನಿಂತಿತು. ಅದನ್ನು ಬಿಟ್ಟು ಸಹಿ ಹಾಕಿ ಕೊಟ್ಟೆ.

"ಖಾಲಿ ಬಿಡಂಗಿಲ್ಲ ಮೇಡಂ" ಎಂದ.

ಬಹಳ ಹೊತ್ತು ಯೋಚಿಸಿ ಅಕ್ಕೋರು ಎಂದು ಬರೆದೆ. ಹಾಗೆಂದರೆ ಯಾರು ಎಂದು ಕೇಳಿದ. ಟೀಚರು ಎಂದೆ. ಅದು ಸಂಬಂಧ ಅಲ್ಲ, ರಕ್ತ ಸಂಬಂಧಿಕರು ಇಲ್ಲವೇ ವಕೀಲರು ಮಾತ್ರ ಎಂದು ಫಾರ್ಮು ವಾಪಸು ಕೊಟ್ಟ. ನಾನು ಅಲ್ಲೇ ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಅವನಿಗೂ ಕನಿಕರ ಬಂದಿರಬೇಕು, ಹತ್ತಿರ ಬಂದು ನಿಂತು, ಕೇಳಿದ್ದಕ್ಕೆ ಹೇಳಿದ. ತಾಯಿ, ಮಗಳು ಇಲ್ಲಿದ್ದಾರೆ. ಗಂಡಸರ ಕಟ್ಟಡ ಆ ಕಡೆ, ಒಂದೊಂದು ದಿನ ದೂರದಿಂದ ನೋಡಬಹುದು. ಮುದುಕಿಯನ್ನು ಆಸ್ಪತ್ರೆಗೆ ಒಯ್ದಿದ್ದರು, ವಾಪಸು ಬಂದದ್ದನ್ನು ತಾನು ನೋಡಿಲ್ಲ. ಯಾವ ಆಸ್ಪತ್ರೆ ಎಂದು ಅವನಿಗೆ ಗೊತ್ತಿರಲಿಲ್ಲ.

ಏಳುವ ಮೊದಲು ಅವನನ್ನು ಇನ್ನೊಂದು ಮಾತು ಕೇಳಿದೆ, ಕೋಣೆಗೆ ಒಳಗಿನಿಂದ ಚಿಲಕ ಇದೆಯೇ ಎಂದು. ಈ ಹೆಂಗಸಿಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ನೋಡಿದ.

"ಒಳಗ್ಯಾಕ್ ಮೇಡಂ? ಚಿಲಕ ಇರೋದು ಹೊರಗೆ" ಎಂದ.

ಚೀಲ ತೆಗೆದುಕೊಳ್ಳಲು ಅವನಿಗೆ ಅಧಿಕಾರ ಇರಲಿಲ್ಲ. ಹೊತ್ತುಕೊಂಡು ಹೋದದ್ದನ್ನೆಲ್ಲ ಹಾಗೇ ಹೊತ್ತುಕೊಂಡು ಬಂದೆ.

ಕುಮಟೆಗೆ ಬಂದ ದಿನ ಮಳೆ ಹಿಡಿದಿತ್ತು, ಮೂರು ದಿನ ಬಿಡಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಎರಡು ಬಕೇಟು, ಒಂದು ಹಳೆಯ ಸೀರೆ ಹಿಡಿದು ಮಹಡಿಯ ಮೆಟ್ಟಿಲು ಹತ್ತಿದೆ. ಭಟ್ಕಳದಲ್ಲಿ ಹೇಳಿದ ಮಾತನ್ನು ಅಷ್ಟರೊಳಗೆ ನಾನೇ ನಂಬಿದ್ದೆನೋ ಏನೋ, ನೀರು ಎಲ್ಲೆಲ್ಲಿ ಬಿದ್ದಿದೆ ನೋಡಿ ಬಕೇಟು ಇಟ್ಟು ಬರೋಣ ಎಂದುಕೊಂಡಿದ್ದೆ. ಬೀಗ ತುಕ್ಕು ಹಿಡಿದಿತ್ತು, ತೆಗೆಯಲು ಹೊತ್ತಾಯಿತು. ಒಳಗೆ ಹೋಗಿ ಎರಡೂ ಕೋಣೆ ನೋಡಿದೆ. ಅಡುಗೆಮನೆ ನೋಡಿದೆ. ಮಾಡು ನೋಡಿದೆ, ಗೋಡೆ ಮುಟ್ಟಿ ನೋಡಿದೆ, ಮೊಣಕಾಲು ಊರಿ ನೆಲವನ್ನು ಸೀರೆಯಿಂದ ಒರೆಸಿದೆ. ಸೀರೆಗೆ ಧೂಳು ಹತ್ತಿತು. ಎಲ್ಲೂ ಒಂದು ಹನಿ ಸೋರಿರಲಿಲ್ಲ.